ಐ-140 (ಅಮೆರಿಕದ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿ ಐದು ವರ್ಷ ಆಯ್ತು, ಗ್ರೀನ್ ಕಾರ್ಡ್ ಸುಳಿವಿಲ್ಲ. ಏನು ಮಾಡಬಹುದು?

ನೀವು ಕೊಟ್ಟಿರುವ ವಿವರ: ಇಬಿ-2 (ಉನ್ನತ ಪದವಿ ಬೇಡುವ ಕೆಲಸಗಳ ವರ್ಗ), ಹುಟ್ಟಿದ್ದು ಭಾರತದಲ್ಲಿ, ಪ್ರಯಾರಿಟಿ ಡೇಟ್ (ಸರದಿಯಲ್ಲಿ ನಿಮ್ಮ ಜಾಗ ಹೇಳುವ ತಾರೀಕು) 2019ರ ಜೂನ್, ಮಗಳಿಗೆ 15. ಕೋರ್ಟಿಗೆ ಹೋದರೆ ಬೇಗ ಆಗುತ್ತಾ, ಕಂಪನಿ ಬಿಟ್ಟರೆ ಸರದಿ ಹೋಗುತ್ತಾ, ಮಗಳ ಕಥೆ ಏನು ಅಂತ ಕೇಳಿದ್ದೀರಿ. ಕೋರ್ಟಿನ ಮಾತು ಮೊದಲು ಮುಗಿಸಿಬಿಡುತ್ತೇನೆ: ಆಗಲ್ಲ, ದುಡ್ಡು ದಂಡ.

ಫೈಲು ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಕಚೇರಿಯಲ್ಲಿ ಕೊಳೆಯುತ್ತಿದ್ದರೆ ಅದೊಂದು ತರಹದ ತಡ. ಅದಕ್ಕೆ ಮದ್ದಿದೆ. ಪ್ರೊಸೆಸಿಂಗ್ ಟೈಮ್ ದಾಟಿದ ಮೇಲೆ ಆನ್‌ಲೈನ್ ವಿಚಾರಣೆ ಹಾಕಬಹುದು, ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಯಿಂದ ಕೇಳಿಸಬಹುದು, ಕೊನೆಗೆ ಫೆಡರಲ್ ಕೋರ್ಟಿನಲ್ಲಿ ಮ್ಯಾಂಡಮಸ್ (ಬೇಗ ತೀರ್ಮಾನಿಸಿ ಅಂತ ಇಲಾಖೆಗೆ ಆದೇಶ ಕೊಡಿಸುವ ದಾವೆ) ಹೂಡಬಹುದು. ನಿಮ್ಮದು ಬೇರೆ. ನಿಮಗೆ ಕೊಡಲು ವೀಸಾ ನಂಬರೇ ಇಲ್ಲ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ನಂಬರು, ಅದರಲ್ಲಿ ಇಬಿ-2ಕ್ಕೆ 28.6%, ಅಂದರೆ ಸುಮಾರು 40,000. ಒಂದೊಂದು ದೇಶಕ್ಕೆ 7% ಮಿತಿ, ಆದ್ದರಿಂದ ಭಾರತಕ್ಕೆ ಬರುವುದು ಸುಮಾರು 2,800, ಅದೂ ಹೆಂಡತಿ ಮಕ್ಕಳು ಸೇರಿ. ಬೇರೆ ದೇಶದವರು ಬಳಸದೆ ಬಿಟ್ಟದ್ದು ಸಿಕ್ಕರೆ ಅಷ್ಟು ಲಾಭ. ನಂಬರು ಹುಟ್ಟಿಸಿ ಕೊಡಿ ಅಂತ ಯಾವ ಜಡ್ಜೂ ಹೇಳಲು ಬರುವುದಿಲ್ಲ.

ಯಾರ ಸರದಿ ಬಂತು ಅಂತ ಸರ್ಕಾರ ತಿಂಗಳಿಗೊಮ್ಮೆ ಹಾಕುವ ಪಟ್ಟಿಯೇ ವೀಸಾ ಬುಲೆಟಿನ್. 2025ರ ಆಗಸ್ಟ್ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಫೈನಲ್ ಆ್ಯಕ್ಷನ್ ಡೇಟ್ (ಇದಕ್ಕಿಂತ ಹಿಂದಿನ ಪ್ರಯಾರಿಟಿ ಡೇಟ್ ಇದ್ದವರಿಗೇ ಕಾರ್ಡು) 2013ರ ಜನವರಿ 1 ಇತ್ತು, ಇಬಿ-3 (ಇಬಿ-2ರ ಕೆಳಗಿನ ವರ್ಗ) ಅದೇ ವರ್ಷದ ಮೇ 22. ಇದನ್ನು ನೋಡಿ ‘ಇನ್ನು ಆರೂವರೆ ವರ್ಷ’ ಅಂತ ಕಳೆಯಲು ಹೋಗಬೇಡಿ. ಬುಲೆಟಿನ್ನಿನ ಒಂದು ವರ್ಷ ಸರಿಯಲು ಕ್ಯಾಲೆಂಡರಿನ ಎಷ್ಟು ವರ್ಷ ಬೇಕು ಅನ್ನುವುದು ಆ ವರ್ಷ ಎಷ್ಟು ಜನ ಅರ್ಜಿ ಹಾಕಿದ್ದರು ಅನ್ನುವುದರ ಮೇಲೆ ನಿಂತಿದೆ. ಡೇಟು ಹಿಂದಕ್ಕೂ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ನೋಡಿಕೊಳ್ಳಿ. ಲೆಕ್ಕಕ್ಕೆ ಬರುವುದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಹೆಂಡತಿ ಅಥವಾ ಗಂಡ ಕುವೈತ್‌ನಲ್ಲೋ ದುಬೈಯಲ್ಲೋ ಹುಟ್ಟಿದ್ದರೆ (ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದೇನು ಅಪರೂಪವಲ್ಲ) ಇಡೀ ಕುಟುಂಬ ಆ ದೇಶದ ಸಾಲಿಗೆ ಹೋಗಬಹುದು. ಆ ಸಾಲು ಎಷ್ಟೋ ವರ್ಷ ಮುಂದಿರುತ್ತದೆ. ಮಕ್ಕಳು ಹುಟ್ಟಿದ ದೇಶ ಮಾತ್ರ ಅಪ್ಪ ಅಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ.

ಕೆಲಸ ಧೈರ್ಯವಾಗಿ ಬದಲಾಯಿಸಿ. ಐ-140 ಅಪ್ರೂವ್ ಆಗಿ 180 ದಿನ ದಾಟಿದ ಮೇಲೆ ಹಳೇ ಕಂಪನಿ ಅದನ್ನು ವಾಪಸ್ ತೆಗೆದುಕೊಂಡರೂ ಪ್ರಯಾರಿಟಿ ಡೇಟ್ ನಿಮ್ಮದೇ, ಎಚ್-1ಬಿ (ಕೆಲಸದ ವೀಸಾ) ಆರು ವರ್ಷ ಮೀರಿ ಮೂರು ಮೂರು ವರ್ಷ ಮುಂದುವರಿಸುವುದಕ್ಕೂ ಅದೇ ಸಾಕು. ವಂಚನೆ ಅಥವಾ ದೊಡ್ಡ ತಪ್ಪು ಸಿಕ್ಕಿ ರದ್ದಾದರೆ ಮಾತ್ರ ಡೇಟು ಹೋಗುತ್ತದೆ. ಆದರೆ ಹೊಸ ಕಂಪನಿ ಪರ್ಮ್ (ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅಂತ ಜಾಹೀರಾತು ಕೊಟ್ಟು ತೋರಿಸಿ ಕಾರ್ಮಿಕ ಇಲಾಖೆಯಿಂದ ಪಡೆಯುವ ಮಂಜೂರಾತಿ) ಮತ್ತು ಐ-140 ಮೊದಲಿನಿಂದ ಮಾಡಬೇಕು. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ‘ಪರ್ಮ್ ಎಷ್ಟು ತಿಂಗಳಿಗೆ ಶುರು ಮಾಡುತ್ತೀರಿ’ ಅಂತ ಬರವಣಿಗೆಯಲ್ಲಿ ಕೇಳಿ. ಪರ್ಮ್ ಲಾಯರ್ ಫೀಸು, ಜಾಹೀರಾತಿನ ಖರ್ಚು ಕಂಪನಿಯೇ ಕೊಡಬೇಕೆಂದು ಕಾನೂನಿದೆ. ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಅಂದರೆ ಆ ಕಡೆ ಹೋಗಬೇಡಿ.

ಇಬಿ-3 ಮುಂದೆ ಓಡಿದಾಗ ‘ಡೌನ್‌ಗ್ರೇಡ್’ ಮಾಡುವುದು ಇನ್ನೊಂದು ದಾರಿ. ಅದೇ ಪರ್ಮ್ ಮೇಲೆ ಇಬಿ-3ರಲ್ಲಿ ಇನ್ನೊಂದು ಐ-140 ಹಾಕಿಸಬಹುದು, ಹಳೆಯದು ಹಾಗೇ ಉಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಇಬಿ-3 ಫೈಲಿಂಗ್ ಡೇಟ್ (ಕೊನೆಯ ಅರ್ಜಿ ಹಾಕಲು ಬಿಡುವ ತಾರೀಕು) 2015ರ ಜನವರಿಗೆ ಹಾರಿದಾಗ ಹೀಗೆ ಮಾಡಿದವರಿಗೆ ಐ-485 (ಗ್ರೀನ್ ಕಾರ್ಡಿನ ಆ ಕೊನೆಯ ಅರ್ಜಿ) ಒಳಗೆ ಹೋಯಿತು. 2019ರವರಿಗೆ ಇವತ್ತಿಗೆ ಇದರಿಂದ ಏನೂ ಇಲ್ಲ. ಇಬಿ-1ಎಗೆ (ಅಸಾಧಾರಣ ಸಾಧಕರ ವರ್ಗ) ನಿಜವಾದ ಅರ್ಹತೆ ಇದ್ದರೆ ಪ್ರಯತ್ನಿಸಿ, ಹಳೇ ಡೇಟು ಅಲ್ಲಿಗೂ ಬರುತ್ತದೆ. ದುಡ್ಡು ಕೊಟ್ಟು ಅವಾರ್ಡ್, ಪೇಪರ್ ಕೊಳ್ಳುವವರ ಸಹವಾಸ ಬೇಡ.

ಮಗಳ ವಿಷಯ ಕಹಿ. ಫೈನಲ್ ಆ್ಯಕ್ಷನ್ ಚಾರ್ಟಿನಲ್ಲಿ ನಿಮ್ಮ ಡೇಟು ಬರುವ ದಿನ ಅವಳ ವಯಸ್ಸು ನೋಡಿ, ಅದರಿಂದ ಐ-140 ಪೆಂಡಿಂಗ್ ಇದ್ದಷ್ಟು ದಿನ ಕಳೆಯುತ್ತಾರೆ. ನಿಮ್ಮ ಜೊತೆ ಅವಳಿಗೂ ಗ್ರೀನ್ ಕಾರ್ಡ್ ಸಿಗಲು ಅದು 21ಕ್ಕಿಂತ ಕಡಿಮೆ ಇರಬೇಕು. ಪ್ರೀಮಿಯಂ (ಬೇಗ ನೋಡಿಸುವ ಹೆಚ್ಚುವರಿ ಫೀಸು) ಕಟ್ಟಿ ಹದಿನೈದು ದಿನದಲ್ಲಿ ಅಪ್ರೂವ್ ಮಾಡಿಸಿಕೊಂಡವರಿಗೆ ಕಳೆಯಲು ಸಿಗುವುದು ಅಷ್ಟೇ ದಿನ. ಆತುರಕ್ಕೆ ತೆತ್ತ ದಂಡ. 2025ರ ಆಗಸ್ಟ್ 15ರಿಂದ ಫೈಲಿಂಗ್ ಚಾರ್ಟ್ ಈ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಆರು ವರ್ಷದಲ್ಲಿ 2019 ಬರುತ್ತದೆ ಅಂತ ನಂಬಿ ಕೂರಬೇಡಿ. ಕಾಲೇಜಿಗೆ ಸೇರುವಾಗಲೇ ಎಫ್-1 (ವಿದ್ಯಾರ್ಥಿ ವೀಸಾ) ಯೋಚನೆ ಇರಲಿ, 21 ತುಂಬುವ ಹಲವು ತಿಂಗಳು ಮೊದಲೇ ಅರ್ಜಿ ಹೋಗಲಿ.

ಸಂಗಾತಿಗೆ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಕೊಡುವ ಕೆಲಸದ ಪರವಾನಗಿ) ಇದ್ದರೆ ಅವಧಿಗೆ 180 ದಿನ ಮುಂಚೆಯೇ ರಿನ್ಯೂವಲ್ ಹಾಕಿ. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ತಾನಾಗಿ ಮುಂದುವರಿಯುವ ಸೌಲಭ್ಯ ತೆಗೆದಿದ್ದಾರೆ. ಹೊಸ ಕಾರ್ಡು ಬರುವುದು ತಡವಾದರೆ ಅಷ್ಟು ದಿನ ಕೆಲಸ ನಿಲ್ಲಿಸಬೇಕಾಗುತ್ತದೆ.

ಕಾಯುವ ಈ ವರ್ಷಗಳಲ್ಲಿ ಕಾಗದ ಪತ್ರ ಸರಿ ಮಾಡಿಕೊಳ್ಳಿ. ಊರಿನ ಹಳೇ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಕಾಲಂ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಮುಗಿದಿರುತ್ತದೆ. ಹೆಸರು ಸೇರಿಸಿ ತರಿಸಿ. ಜನನ ನೋಂದಣಿಯೇ ಆಗಿಲ್ಲದಿದ್ದರೆ ‘ಲಭ್ಯವಿಲ್ಲ’ ಅನ್ನುವ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ನಿಮ್ಮ ಹುಟ್ಟು ಬಲ್ಲ ಹಿರಿಯರಿಬ್ಬರ ಅಫಿಡವಿಟ್ ಬೇಕು. ಆ ಹಿರಿಯರು ಗಟ್ಟಿಮುಟ್ಟಾಗಿ ಇರುವಾಗಲೇ ಸಹಿ ಮಾಡಿಸಿಕೊಳ್ಳಿ. ಬೆಂಗಳೂರಿನ ಹಳೇ ಕಂಪನಿಯಿಂದ ಕೆಲಸದ ವಿವರ, ತಾರೀಕು ಇರುವ ಅನುಭವ ಪತ್ರ ಈಗಲೇ ತೆಗೆದುಕೊಳ್ಳಿ. ಕಂಪನಿ ಮುಚ್ಚಿದ್ದರೆ ಜೊತೆಗಿದ್ದವರ ಅಫಿಡವಿಟ್ ಆದೀತು. ಮೆಡಿಕಲ್ (ವೈದ್ಯಕೀಯ ಪರೀಕ್ಷೆಯ ವರದಿ) ಮಾತ್ರ ಈಗ ಬೇಡ, ಅದು ಐ-485 ಜೊತೆಗೇ ಹೋಗಬೇಕು. ಐ-140 ಅಪ್ರೂವಲ್ ನೋಟಿಸ್ ಪ್ರತಿ ಕೈಯಲ್ಲಿದೆಯಾ? ಕಂಪನಿ ಕೊಡದಿದ್ದರೆ ಯುಎಸ್‌ಸಿಐಎಸ್‌ಗೆ ಎಫ್‌ಒಐಎ (ಸರ್ಕಾರದ ದಾಖಲೆ ಕೇಳುವ) ಅರ್ಜಿ ಹಾಕಿ, ಆನ್‌ಲೈನ್‌ನಲ್ಲೇ ಆಗುತ್ತದೆ.