ತೋಪಿಗೆ ಯೂರಿಯಾ ಹಾಕಿದರೆ ಮಣ್ಣಿನ ಇಂಗಾಲ ಹೆಚ್ಚುತ್ತದೆಯೇ?

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಎರಡು ಎಕರೆಯಲ್ಲಿ ಹೆಬ್ಬೇವು, ಸಿಲ್ವರ್ ಓಕ್ ಇವೆ. ಯೂರಿಯಾ ಕೊಟ್ಟರೆ ಮರ ದಪ್ಪವಾಗುತ್ತೆ, ಮಣ್ಣಲ್ಲಿ ಇಂಗಾಲವೂ ಕೂಡುತ್ತೆ ಅಂತ ಗೊಬ್ಬರದಂಗಡಿಯವರು ಹೇಳುತ್ತಾರೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.4 ಬಂದಿದೆ. ಹಾಕಬಹುದೇ ಮೇಡಂ?
— ಓದುಗರೊಬ್ಬರು, ಯಲಹಂಕ, ಬೆಂಗಳೂರು

ಉತ್ತರ: ಅಂಗಡಿಯವರ ಮಾತು ಪೂರಾ ಸುಳ್ಳಲ್ಲ. ಯೂರಿಯಾ ಸಾರಜನಕದ ಗೊಬ್ಬರ; ಸಾರಜನಕ ಕೊಟ್ಟ ನೆಡುತೋಪುಗಳಲ್ಲಿ ಮೇಲ್ಮಣ್ಣಿನ ಇಂಗಾಲ ಏರಿದ್ದನ್ನು ಹಲವು ದೇಶಗಳಲ್ಲಿ ಅಳೆದಿದ್ದಾರೆ. ಏರದ ಕಡೆಗಳೂ ಇವೆ. ಆದರೆ ಯಾಕೆ ಏರುತ್ತದೆ ಅನ್ನುವುದನ್ನು ತಿಳಿದುಕೊಂಡು ಆಮೇಲೆ ಚೀಲ ಬಿಚ್ಚಿ.

ಮಳೆ ಬಿದ್ದ ಮೇಲೆ ತೋಪಿನಲ್ಲಿ ಕೂತು ತರಗೆಲೆಯನ್ನು ಪದರಪದರವಾಗಿ ಎತ್ತಿ ನೋಡಿ. ಮೇಲೆ ಗರಿಗರಿ ಎಲೆ. ಅದರಡಿ ಒದ್ದೆ ಎಲೆಗಳನ್ನು ಒಂದಕ್ಕೊಂದು ಹೊಲಿದಂತೆ ಬಿಳಿ ಎಳೆಗಳು. ಅದು ಶಿಲೀಂಧ್ರ. ಎಲೆ, ಕಡ್ಡಿಯ ಗಟ್ಟಿ ಅಂಶವಾದ ಲಿಗ್ನಿನ್ ಕೊಳೆಯುವುದು ಹೆಚ್ಚಾಗಿ ಇದರಿಂದಲೇ. ಸಾರಜನಕ ಧಾರಾಳವಾದರೆ ಲಿಗ್ನಿನ್ ಒಡೆಯುವ ಕಿಣ್ವಗಳು ತಗ್ಗುತ್ತವೆ, ಕೊಳೆಯುವುದು ನಿಧಾನವಾಗುತ್ತದೆ. ಏರಿಕೆಯಲ್ಲಿ ದೊಡ್ಡ ಪಾಲು ಹೀಗೆ ಕೊಳೆಯದೆ ಉಳಿದದ್ದು. ಇತ್ತ ಮರಕ್ಕೆ ಗೊಬ್ಬರ ಸುಲಭವಾಗಿ ಸಿಕ್ಕಿದರೆ ಸಣ್ಣ ಬೇರು ಬಿಡುವುದನ್ನೂ ಕಡಿಮೆ ಮಾಡಬಹುದು. ಆಗ ಒಳಮಣ್ಣಿಗೆ ಬೇರಿನಿಂದ ಸೇರುವ ಇಂಗಾಲ ತಗ್ಗುತ್ತದೆ.

ಇನ್ನೊಂದು ಲೆಕ್ಕ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮರ ಹೀರದೆ ಬಿಟ್ಟ ಸಾರಜನಕದಲ್ಲಿ ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸುಮಾರು 273 ಕಿಲೋಗೆ ಸಮ. ವರ್ಷಗಟ್ಟಲೆ ಯೂರಿಯಾ ಸುರಿದರೆ ಕೆಂಪು ಮಣ್ಣು ಹುಳಿಯಾಗುವುದೂ ಇದೆ.

ನಿಮ್ಮ 0.4 ಕಡಿಮೆಯೇ, 0.5ರ ಕೆಳಗಿದ್ದರೆ ಕೊರತೆ ಎಂದೇ ಎಣಿಕೆ. ಒಂದು ಘನ ಸೆಂಟಿಮೀಟರ್ ಮಣ್ಣು 1.4 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಮೇಲಿನ 15 ಸೆಂಟಿಮೀಟರಿನಲ್ಲಿ ಎಕರೆಗೆ ಸುಮಾರು 3.4 ಟನ್ ಇಂಗಾಲ. ಇದನ್ನು ಹೆಚ್ಚಿಸಲೆಂದೇ ಯೂರಿಯಾ ಹಾಕಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗಿಡ ಇನ್ನೂ ಎಳೆಯದಾಗಿದ್ದು ಎಲೆ ಬಿಳಿಚಿಕೊಂಡಿದ್ದರೆ ಮಾತು ಬೇರೆ: ಮಣ್ಣು ಹಸಿಯಿದ್ದಾಗ ಬುಡದ ಸುತ್ತ ಸ್ವಲ್ಪ ಸ್ವಲ್ಪವೇ ಕೊಟ್ಟು ಮಣ್ಣು ಮುಚ್ಚಿ.

ಅದಕ್ಕಿಂತ ಮೊದಲು, ದಯವಿಟ್ಟು ತರಗು ಗುಡಿಸಿ ಬೆಂಕಿ ಇಡುವುದನ್ನು ನಿಲ್ಲಿಸಿ. ಬೇಲಿಯುದ್ದಕ್ಕೂ ಗ್ಲಿರಿಸಿಡಿಯ, ಹೊಂಗೆ ಹಾಕಿ. ಎರಡೂ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುತ್ತವೆ, ಸೊಪ್ಪು ಕಡಿದು ಬುಡಕ್ಕೆ ಹಾಕಬಹುದು. ಮುಂದಿನ ಪರೀಕ್ಷೆಗೆ, ಈ ಸಲ ಮಣ್ಣು ತೆಗೆದ ತಿಂಗಳಲ್ಲೇ, ತರಗು ಸರಿಸಿ, 0–15 ಮತ್ತು 15–30 ಸೆಂಟಿಮೀಟರ್ ಮಣ್ಣನ್ನು ಬೇರೆಬೇರೆ ಚೀಲದಲ್ಲಿ ಕಳಿಸಿ.