ಪದ್ಯದಲ್ಲಿ ಬುಡ್ಡಿದೀಪ, ಗದ್ಯದಲ್ಲಿ ಬಲ್ಬು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ತಿಪಟೂರಿನಿಂದ ನಿಮ್ಮ ಕಾಗದ ಬಂತು ಅಂದರೆ ನಮ್ಮಲ್ಲಿ ಪ್ರೂಫ್ ನೋಡುವವರಿಗೆ ಸ್ವಲ್ಪ ದಿಗಿಲು. ಈ ಸಲ ಸಿಕ್ಕಿಬಿದ್ದವರು ಕವಿ. ಕಳೆದ ಸಂಚಿಕೆಯ ನೆನಪಿನ ಲೇಖನದಲ್ಲಿ ಅವರು, ತಾವು ಹುಟ್ಟುವ ಮೊದಲೇ ಮನೆಗೆ ಕರೆಂಟು ಬಂದಿತ್ತು ಎಂದು ಬರೆದಿದ್ದಾರೆ. ಅವರ ಹಳೆಯ ಪದ್ಯದಲ್ಲಿ ಮಾತ್ರ ಅಮ್ಮ ಬುಡ್ಡಿದೀಪದ ಮುಂದೆ ಕೂತು ಮಗನ ಅಂಗಿಗೆ ಗುಂಡಿ ಹಚ್ಚುತ್ತಾಳೆ. ‘ಎರಡರಲ್ಲಿ ಯಾವುದು ಸುಳ್ಳು? ನೆನಪಿನ ಹೆಸರಲ್ಲಿ ಕತೆ ಕಟ್ಟುವವರಿಗೆ ಪುಟ ಯಾಕೆ ಕೊಡುತ್ತೀರಿ?’ ಎಂದು ಕೇಳಿದ್ದೀರಿ.

ಕವಿಗೇ ಫೋನ್ ಮಾಡಿದೆ. ನಕ್ಕರು. ‘ಕರೆಂಟು ಇದ್ದದ್ದು ನಿಜ. ಆ ಸಾಲಲ್ಲಿ ಬಲ್ಬು ಕೂರಲಿಲ್ಲ ಮಾರಾಯ್ರೆ’ ಎಂದರು.

ನನಗೆ ಆ ಉತ್ತರ ಸಾಕು. ನಿಮಗೆ ಸಾಲದು ಅಂತ ಗೊತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ದಲಿತ ಕವಿ ಸಿದ್ದಲಿಂಗಯ್ಯನವರ ಪದ್ಯಗಳನ್ನು ನೀವು ಪಾಠ ಮಾಡಿದವರು. 1975ರ ಅವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ತುಂಬ ಸಿಟ್ಟು. ಅದೇ ಕವಿ ಎಷ್ಟೋ ವರ್ಷಗಳಾದ ಮೇಲೆ ಆತ್ಮಕಥೆ ‘ಊರುಕೇರಿ’ ಬರೆದರು. ಅದರಲ್ಲಿ ಒಂದು ನೋಟವಿದೆ. ಹೊಲದಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಇನ್ನೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ಎಳೆಯುತ್ತಿರುವವರಲ್ಲಿ ಒಬ್ಬರು ಅದನ್ನು ನೋಡುತ್ತಿರುವ ಹುಡುಗನ ಅಪ್ಪ. ಇದಾದ ಮೇಲೂ ಪುಸ್ತಕ ಕೂಗಾಡುವುದಿಲ್ಲ. ಹಸಿವು, ಅವಮಾನ, ಹಾಸ್ಟೆಲ್ಲು ಎಲ್ಲವನ್ನೂ ನಮ್ಮನ್ನು ನಗಿಸುತ್ತಲೇ ಹೇಳುತ್ತದೆ. ಹಾಗಾದರೆ ಸಿಟ್ಟು ಸುಳ್ಳೋ, ನಗು ಸುಳ್ಳೋ? ಬದುಕು ಒಂದೇ. ಪದ್ಯ ಬರೆಯುವಾಗ ಆ ಹುಡುಗ ಇನ್ನೂ ಹೊಲದ ಬದುವಿನಲ್ಲೇ ನಿಂತಿದ್ದ. ಗದ್ಯ ಬರೆಯುವ ಹೊತ್ತಿಗೆ ನಗಿಸುವಷ್ಟು ದೂರ ಬಂದಿದ್ದ. ಅಷ್ಟು ದೂರ ಬರದೆ ಬರೆದ ನೆನಪು ಬರೀ ದೂರು ಆಗಿಬಿಡುತ್ತದೆ. ಅಂಥವು ನಮ್ಮ ಕಚೇರಿಗೆ ಜಾಸ್ತಿ ಬರುತ್ತವೆ.

ಬೇಂದ್ರೆಯವರದು ಇನ್ನೊಂದು ಬಗೆ. ‘ನೀ ಹೀಂಗ ನೋಡಬ್ಯಾಡ ನನ್ನ’ ಹುಟ್ಟಿದ್ದು ಕೂಸನ್ನು ಕಳೆದುಕೊಳ್ಳುವ ಸಂಕಟದಲ್ಲಿ. ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡ ಅಲ್ಲಿ ಮಾತಾಡುತ್ತಿದ್ದಾನೆ. ಯಾವ ಊರು, ಯಾವ ಕಾಯಿಲೆ, ಯಾವ ದಿನ, ಒಂದೂ ಪದ್ಯದೊಳಗಿಲ್ಲ. ಮಲಗಿರುವ ಕೂಸಿನ ಮಾತು ಬರುತ್ತದೆ, ಆದರೆ ಅದು ಸುಮ್ನೆ ನಿದ್ದೆ ಮಾಡುತ್ತಿರುವ ಕೂಸಲ್ಲ. ಇದನ್ನು ಪ್ರೇಮಗೀತೆ ಅಂದುಕೊಂಡು ಮದುವೆ ಆರತಕ್ಷತೆಯಲ್ಲಿ ಹಾಡಿದ್ದನ್ನು ನಾನು ಕೇಳಿದ್ದೇನೆ. ಹಾಡಿದವರನ್ನು ಬೈಯಲಾರೆ. ಆ ಪದ್ಯಕ್ಕೆ ವಿವರ ಬೇಕಿರಲಿಲ್ಲ, ನೋಟವೊಂದು ಸಾಕಿತ್ತು. ಅದೇ ಬೇಂದ್ರೆ 1937ರ ‘ಸಖೀಗೀತ’ದಲ್ಲಿ ತಮ್ಮ ಸಂಸಾರವನ್ನೇ ಉದ್ದಕ್ಕೂ ಹಾಡಿಕೊಂಡರು. ಅಲ್ಲೂ ದಿನಾಂಕ ಹುಡುಕಲು ಹೋದರೆ ನಮ್ಮ ಕೈಗೆ ಏನೂ ಸಿಗುವುದಿಲ್ಲ.

ಆದರೆ ಕವಿ ‘ಇದು ನನ್ನ ನೆನಪು’ ಎಂದು ಗದ್ಯಕ್ಕೆ ಕೂತರೆ, ಅಲ್ಲಿ ನಾನು ನಿಮ್ಮ ಪಕ್ಷ. ಗದ್ಯದಲ್ಲಿ ಬಲ್ಬು ಬಲ್ಬಾಗಿಯೇ ಇರಬೇಕು. ಕುವೆಂಪು ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ 1980ರಲ್ಲಿ ಬಂದಾಗ ಅವರಿಗೆ ಎಪ್ಪತ್ತೈದು. ಅವರು ಬರೀ ನೆನಪನ್ನು ನಂಬಿ ಕೂರಲಿಲ್ಲ, ಹಳೆಯ ದಿನಚರಿಯ ಪುಟಗಳನ್ನು ಎತ್ತಿ ಮುಂದಿಟ್ಟರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಕುವೆಂಪು ಅವರಿಗೆ ಹೇಳಿದ ಪ್ರಸಂಗ ನಿಮಗೆ ಗೊತ್ತೇ ಇದೆ. ಅಷ್ಟು ವರ್ಷಗಳ ಹಿಂದೆ ಆಡಿದ ಮಾತು ಅಕ್ಷರಕ್ಷರವೂ ಹಾಗೇ ಇತ್ತು ಅಂತ ಯಾರೂ ಪ್ರಮಾಣ ಮಾಡಲಾರರು. ಆದರೂ ನಾನು ನಂಬುತ್ತೇನೆ. ಯಾಕೆಂದರೆ ಕುವೆಂಪು ಅವರದೇ 1922ರ ಇಂಗ್ಲಿಷ್ ಪದ್ಯಗಳ ಪುಟ್ಟ ಪುಸ್ತಕ ‘ಬಿಗಿನರ್ಸ್ ಮ್ಯೂಸ್’ ಒಂದು ಕಡೆ ಇದೆ, ಆಮೇಲಿನ ಅಷ್ಟೂ ಕನ್ನಡ ಇನ್ನೊಂದು ಕಡೆ ಇದೆ. ನಡುವೆ ಏನೋ ನಡೆದಿರಲೇಬೇಕು ಅಲ್ವಾ?

ಹಾಗಾಗಿ ನಮ್ಮಲ್ಲಿ ಒಂದು ರೂಢಿ ಇದೆ. ಕವಿಯ ನೆನಪಿನಲ್ಲಿ ವಸ್ತು ಬಂದರೆ ನಂಬುತ್ತೇವೆ. ತಗಡಿನ ಟ್ರಂಕು, ಬಾಡಿಗೆ ಸೈಕಲ್ಲು, ಸಾಲ ಮಾಡಿ ಕೊಂಡ ಮೊದಲ ನಿಘಂಟು, ಇಂಥವು ಸುಲಭಕ್ಕೆ ಸುಳ್ಳಾಡುವುದಿಲ್ಲ. ನಲವತ್ತು ವರ್ಷ ಹಿಂದಿನ ಮಾತುಕತೆ ಪುಟಗಟ್ಟಲೆ ಬಂದರೆ ಕತ್ತರಿ ಹಾಕುತ್ತೇವೆ. ಶಾಲು, ಹಾರ, ಸನ್ಮಾನ ಬಂದರೆ ಯೋಚನೆಯೇ ಮಾಡುವುದಿಲ್ಲ. ಕವಿಯ ಗದ್ಯದಿಂದ ನನಗೆ ಬೇಕಾದದ್ದು ಒಂದೇ: ಪದ್ಯದಿಂದ ಏನನ್ನು ಹೊರಗಿಟ್ಟರು, ಯಾಕೆ ಹೊರಗಿಟ್ಟರು. ನಮ್ಮ ಕವಿ ಕರೆಂಟಿನ ಮಾತು ಬಾಯಿಬಿಟ್ಟಿದ್ದರಿಂದಲೇ ತಾನೇ ನೀವು ಆ ಹಳೆಯ ಪದ್ಯವನ್ನು ಹುಡುಕಿ ಮತ್ತೆ ಓದಿದ್ದು? ಆ ಲೇಖನಕ್ಕೆ ಪುಟ ಕೊಟ್ಟದ್ದು ದಂಡವಾಗಲಿಲ್ಲ.

ಪತ್ರದ ಕೊನೆಯಲ್ಲಿ, ನಿಮ್ಮ ಮೇಷ್ಟ್ರುಗಿರಿಯ ನೆನಪುಗಳನ್ನು ಕಳಿಸಬಹುದೇ ಎಂದು ಸಂಕೋಚದಿಂದ ಕೇಳಿದ್ದೀರಿ. ಖಂಡಿತ ಕಳಿಸಿ. ಮೊದಲ ಸಂಬಳ ಎಷ್ಟು, ರೂಮಿನ ಬಾಡಿಗೆ ಎಷ್ಟು, ಶಾಲೆಯ ಗಂಟೆ ಎಲ್ಲಿ ತೂಗುಹಾಕಿತ್ತು, ಇಂಥದ್ದೆಲ್ಲ ಇರಲಿ. ಬೀಳ್ಕೊಡುಗೆ ಭಾಷಣ ಬೇಡ. 1,200 ಪದ ದಾಟದಿರಲಿ. ಪದ್ಯಗಳೂ ಇದ್ದರೆ ಬೇರೆ ಕವರಿನಲ್ಲಿಡಿ, ಅವನ್ನು ನೋಡುವವರು ಬೇರೆ.

ಇಂತಿ,
ಸಂಪಾದಕ