ಕೋಟ್ಲಾದ ಹತ್ತು ವಿಕೆಟ್, ಶ್ರೀನಾಥ್ ಅವರ ಒಂದು ಓವರ್

ಮಾನ್ಯರೇ,

ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದ ಬೌಲಿಂಗ್ ಸಾಧನೆಗಳ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ನೀವು ಬರೆದ ಪತ್ರ ಕೈಸೇರಿದೆ. ಅದರಲ್ಲಿ ಎರಡು ಆಕ್ಷೇಪಗಳಿವೆ. 1999ರ ಫೆಬ್ರುವರಿಯಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟಿನಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಪಡೆದ ಅನಿಲ್ ಕುಂಬ್ಳೆ ತಮ್ಮ ಎಲ್ಲ ಓವರುಗಳನ್ನೂ ಒಂದೇ ತುದಿಯಿಂದ ಎಸೆದರೆಂದು ನಾವು ಬರೆದದ್ದು ತಪ್ಪು ಎಂಬುದು ಮೊದಲನೆಯದು. ಹತ್ತನೆಯ ವಿಕೆಟ್ ಕುಂಬ್ಳೆಗೇ ಸಿಗಲೆಂದು ಜಾವಗಲ್ ಶ್ರೀನಾಥ್ ಬೇಕೆಂದೇ ಚೆಂಡನ್ನು ಗೂಟಗಳಿಂದ ದೂರ ಎಸೆದಿದ್ದರಿಂದ ಆ ಸಾಧನೆ ‘ಗೆಳೆಯರು ಕೈಗೆತ್ತಿ ಕೊಟ್ಟದ್ದು’, ಹಿಂದೆ ಹೀಗೆಯೇ ಹತ್ತೂ ವಿಕೆಟ್ ಪಡೆದಿದ್ದ ಇಂಗ್ಲೆಂಡಿನ ಜಿಮ್ ಲೇಕರ್ ಸಾಧನೆಯ ಪಕ್ಕದಲ್ಲಿ ಅದನ್ನು ಇಡಲಾಗದು ಎಂಬುದು ಎರಡನೆಯದು.

ಮೊದಲನೆಯದನ್ನು ಒಪ್ಪುತ್ತೇವೆ; ತಪ್ಪು ನಮ್ಮದೇ. ನಾಲ್ಕನೆಯ ದಿನ ಊಟದ ವಿರಾಮಕ್ಕೆ ಮೊದಲು ಕುಂಬ್ಳೆ ಇನ್ನೊಂದು ತುದಿಯಿಂದ ಆರು ಓವರ್ ಎಸೆದು 27 ರನ್ ಕೊಟ್ಟಿದ್ದರು, ವಿಕೆಟ್ ಸಿಕ್ಕಿರಲಿಲ್ಲ. 420 ರನ್ನುಗಳ ಗುರಿ ಬೆನ್ನಟ್ಟಿದ್ದ ಸಯೀದ್ ಅನ್ವರ್ ಮತ್ತು ಶಾಹಿದ್ ಅಫ್ರಿದಿ ಮೊದಲ ವಿಕೆಟ್ಟಿಗೆ 101 ರನ್ ಸೇರಿಸಿದ್ದರು. ಚೆನ್ನೈಯಲ್ಲಿ 12 ರನ್ನುಗಳಿಂದ ಸೋತು ಬಂದಿದ್ದ ಭಾರತ ತಂಡದ ಮುಖದಲ್ಲಿ ಆಗ ಕಳೆ ಇದ್ದಿರಲಾರದು. ಊಟದ ನಂತರ ಕುಂಬ್ಳೆ ಪೆವಿಲಿಯನ್ ತುದಿಗೆ ಬಂದರು. ಅಲ್ಲಿಂದ ಎಸೆದ 20.3 ಓವರುಗಳಲ್ಲಿ 47 ರನ್ನಿಗೆ ಹತ್ತು ವಿಕೆಟ್ ಬಿದ್ದವು. ಒಟ್ಟು ಲೆಕ್ಕ 26.3 ಓವರ್, ಅದರಲ್ಲಿ ರನ್ ಕೊಡದ (ಮೇಡನ್) ಓವರ್ 9, 74 ರನ್, 10 ವಿಕೆಟ್.

ಎರಡನೆಯ ಆಕ್ಷೇಪವನ್ನು ಒಪ್ಪಲಾರೆವು. ಶ್ರೀನಾಥ್ ಆ ಓವರಿನಲ್ಲಿ ಆಫ್ ಸ್ಟಂಪಿನ ಹೊರಗೆ, ದಾಂಡಿಗನ ಕೈಗೆ ಸಿಗದಷ್ಟು ದೂರ ಎಸೆದದ್ದು ನಿಜ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಆದರೆ ಅದು ಒಂದೇ ಓವರ್. ಆ ಇನಿಂಗ್ಸಿನಲ್ಲಿ ಉಳಿದ ಮೂವರು ಎಸೆದದ್ದು 34 ಓವರ್: ಹರ್ಭಜನ್ ಸಿಂಗ್ 18, ಶ್ರೀನಾಥ್ 12, ವೆಂಕಟೇಶ ಪ್ರಸಾದ್ 4. ಅದರಲ್ಲಿ 33 ಓವರುಗಳಲ್ಲಿ ವಿಕೆಟ್ ಬೇಡವೆಂದು ಯಾರೂ ಎಸೆದಿರಲಿಲ್ಲ. ಅದೇ ಪಿಚ್ಚಿನಲ್ಲಿ, ಅದೇ ದಾಂಡಿಗರಿಗೆ ಹರ್ಭಜನ್ 18 ಓವರ್ ಎಸೆದು ಬರಿಗೈಯಲ್ಲಿ ಉಳಿದರು ಎಂಬುದನ್ನು ನಿಮ್ಮ ಪತ್ರ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ವಿಕೆಟ್‌ಗಳು ಬಿದ್ದ ಕ್ರಮವನ್ನು ನೋಡಿ. ಅಫ್ರಿದಿ ಕೀಪರ್ ಮೋಂಗಿಯಾಗೆ ಕ್ಯಾಚ್ ಕೊಟ್ಟರು. ಆ ತೀರ್ಪು ಅವರಿಗೆ ಹಿಡಿಸಲಿಲ್ಲ. ಮರು ಎಸೆತದಲ್ಲೇ ಇಜಾಜ್ ಅಹ್ಮದ್ ಎಲ್‌ಬಿಡಬ್ಲ್ಯು. ಇಂಜಮಾಮ್ ಬೌಲ್ಡ್ ಆದರು, ಯೂಸುಫ್ ಯೊಹಾನಾ ಸೊನ್ನೆಗೆ ಎಲ್‌ಬಿಡಬ್ಲ್ಯು, ಮೊಯಿನ್ ಖಾನ್ ಕ್ಯಾಚ್ ಗಂಗೂಲಿ ಕೈಗೆ. 69 ರನ್ ಮಾಡಿ ನಿಂತಿದ್ದ ಅನ್ವರ್ ಕೂಡ ಲಕ್ಷ್ಮಣ್‌ಗೆ ಕ್ಯಾಚ್ ಕೊಟ್ಟಾಗ ಮೊತ್ತ 6 ವಿಕೆಟ್ಟಿಗೆ 128. ಚೆಂಡನ್ನು ಹೆಚ್ಚು ತಿರುಗಿಸದ ಲೆಗ್ ಸ್ಪಿನ್ನರ್ ಎಂದು ಕುಂಬ್ಳೆಯನ್ನು ಹಂಗಿಸುತ್ತಿದ್ದವರಿದ್ದರು. ಆದರೆ ಪುಟಿತ ನಂಬಲಾಗದ ಆ ನೆಲದಲ್ಲಿ ಬೇಕಾಗಿದ್ದದ್ದು ತಿರುವಲ್ಲ. ಎತ್ತರದಿಂದ ಬಿಟ್ಟ, ವೇಗವಾಗಿ ನುಗ್ಗುವ, ಒಂದು ಮೊಣಕಾಲಿಗೆ ಇನ್ನೊಂದು ಪಕ್ಕೆಗೆ ಬರುವ ಚೆಂಡು. ಸರಣಿಗೆ ಮೊದಲೇ ಕಿಡಿಗೇಡಿಗಳು ಆ ಪಿಚ್ಚನ್ನು ಅಗೆದು ಹಾಕಿದ್ದರು, ಅದನ್ನು ಅವಸರದಲ್ಲಿ ಸರಿಪಡಿಸಲಾಗಿತ್ತು ಎಂಬುದೂ ನಿಮಗೆ ನೆನಪಿರಬಹುದು.

ಸಲೀಂ ಮಲಿಕ್ ಮತ್ತು ವಾಸಿಂ ಅಕ್ರಂ 58 ರನ್ ಸೇರಿಸಿ ಸ್ವಲ್ಪ ಕಾಯಿಸಿದರು. ಮಲಿಕ್ ಬೌಲ್ಡ್ ಆದ ಮೇಲೆ, 198ರ ಮೊತ್ತದಲ್ಲಿ ಮುಷ್ತಾಕ್ ಮತ್ತು ಸಕ್ಲೈನ್ ಇಬ್ಬರೂ ಹೋದರು. ಆಗ ಬಂದದ್ದು ಶ್ರೀನಾಥರ ಆ ಓವರ್. ಗೆಲುವು ಆಗಲೇ ಕೈಯಲ್ಲಿತ್ತು, ತಂಡಕ್ಕೆ ಅದರಿಂದ ಕಿಂಚಿತ್ತೂ ಹಾನಿ ಇರಲಿಲ್ಲ. ಮುಂದಿನ ಓವರಿನ ಮೂರನೆಯ ಎಸೆತದಲ್ಲಿ ಅಕ್ರಂ ಚೆಂಡನ್ನು ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಹಿಡಿದರು. ಭಾರತ 212 ರನ್ನುಗಳಿಂದ ಗೆದ್ದಿತು. ಶ್ರೀನಾಥ್ ಅಕ್ರಂ ಅವರನ್ನು ಔಟ್ ಮಾಡಿಕೊಡಲಿಲ್ಲ, ಕಾಯ್ದುಕೊಟ್ಟರು ಅಷ್ಟೆ. ಕುಂಬ್ಳೆಯ ತುದಿಯಲ್ಲಿ ನಿಂತು ತೀರ್ಪು ಕೊಟ್ಟ ಅಂಪೈರ್ ಎ.ವಿ. ಜಯಪ್ರಕಾಶ್ ಕೂಡ ಕುಂಬ್ಳೆ, ಶ್ರೀನಾಥರಂತೆ ನಮ್ಮ ಕರ್ನಾಟಕದವರೇ ಎಂಬುದನ್ನು ಹಿಡಿದು ಇನ್ನೊಂದು ಪತ್ರ ಬರುತ್ತದೆಯೇನೋ ಎಂಬ ಅಳುಕು ನಮಗಿದೆ!

ಲೇಕರ್ ವಿಷಯಕ್ಕೆ ಬರೋಣ. 1956ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ 53 ರನ್ನಿಗೆ ಹತ್ತು, ಪಂದ್ಯದಲ್ಲಿ ಹತ್ತೊಂಬತ್ತು ವಿಕೆಟ್. ಪಂದ್ಯದ ಲೆಕ್ಕದಲ್ಲಿ ಅದಕ್ಕೆ ಸಾಟಿಯಿಲ್ಲ, ಕುಂಬ್ಳೆಯ ಹದಿನಾಲ್ಕೂ ಅದರ ಮುಂದೆ ಕಡಿಮೆಯೇ. ಆದರೆ ಅಲ್ಲಿಯೂ ಆ ಇನಿಂಗ್ಸಿನಲ್ಲಿ ಲೇಕರ್ ಜೊತೆಗಾರ ಸ್ಪಿನ್ನರ್ ಟೋನಿ ಲಾಕ್ 55 ಓವರ್ ಎಸೆದು ಒಂದು ವಿಕೆಟ್ಟನ್ನೂ ಕಾಣಲಿಲ್ಲ. ಇನ್ನೊಬ್ಬರಿಗೆ ಒಂದೂ ಸಿಗಬಾರದೆಂಬ ಅದೃಷ್ಟವಿಲ್ಲದೆ ಹತ್ತು ವಿಕೆಟ್ ಯಾರಿಗೂ ಸಿಕ್ಕಿಲ್ಲ. ಕೋಟ್ಲಾದಲ್ಲೇ 1969ರಲ್ಲಿ ಆಸ್ಟ್ರೇಲಿಯಾ ಎರಡನೆಯ ಇನಿಂಗ್ಸಿನಲ್ಲಿ 107ಕ್ಕೆ ಕುಸಿದಾಗ ನಮ್ಮ ಪ್ರಸನ್ನ ಐದು, ಬೇಡಿ ಐದು ವಿಕೆಟ್ ಹಂಚಿಕೊಂಡಿದ್ದರು. ಆ ತುದಿಯಲ್ಲಿ ಬೇಡಿ ಇಲ್ಲದಿದ್ದರೆ ಎಂದು ಊಹಿಸುವ ಆಸೆ ನಮಗೂ ಇದೆ.

ಕೋಟ್ಲಾದಲ್ಲಿ 1952ರಲ್ಲಿ, ಪಾಕಿಸ್ತಾನದ ಮೊಟ್ಟಮೊದಲ ಟೆಸ್ಟಿನಲ್ಲಿ, ವಿನೂ ಮಂಕಡ್ 52 ರನ್ನಿಗೆ ಎಂಟು ವಿಕೆಟ್, ಒಟ್ಟು ಹದಿಮೂರು ಪಡೆದದ್ದಕ್ಕೆ ನಾವು ಒಂದೇ ಸಾಲು ಕೊಟ್ಟೆವೆಂಬ ನಿಮ್ಮ ದೂರು ಮಾತ್ರ ನ್ಯಾಯವಾದದ್ದು. ಆ ಬಗ್ಗೆ ಪ್ರತ್ಯೇಕ ಲೇಖನ ಬರೆಸುತ್ತಿದ್ದೇವೆ. ಓವರುಗಳ ತುದಿಯ ತಿದ್ದುಪಡಿಯನ್ನೂ ಅದರ ಜೊತೆಯಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ